ನೀರು ಇತ್ತು, ಅಮ್ಮನಿಗೆ ಕಾಣಲಿಲ್ಲ

ಸಂಪಾದಕರಿಗೆ ನಮಸ್ಕಾರ.

ವಿಮಾನ ನಿಲ್ದಾಣದಲ್ಲಿ ನೀರಿನ ಬಾಟಲಿಗೆ ಹೇಳುವ ರೇಟಿನ ಬಗ್ಗೆ ಓದುಗರೊಬ್ಬರು ಬರೆದ ಪತ್ರವನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅವರ ಸಿಟ್ಟು ನ್ಯಾಯವಾದದ್ದು. ನನಗೂ ಆ ಸಿಟ್ಟಿದೆ. ಆದರೆ ರೇಟು ಇಳಿದರೆ ಎಲ್ಲ ಸರಿಹೋಯಿತು ಅಂತ ನನಗೆ ಅನ್ನಿಸುವುದಿಲ್ಲ. ದುಡ್ಡು ಕೊಡದೆ ಕುಡಿಯುವ ನೀರು ದೊಡ್ಡ ನಿಲ್ದಾಣಗಳಲ್ಲಿ ಈಗಲೂ ಇದೆ. ಅದು ಜನರ ಕಣ್ಣಿಗೆ ಬೀಳುವುದಿಲ್ಲ, ಬಿದ್ದರೂ ನಮ್ಮ ಹಿರಿಯರಿಗೆ ಅದನ್ನು ಕುಡಿಯಲು ಬರುವುದಿಲ್ಲ. ನನಗೆ ಇದು ಗೊತ್ತಾಗಿದ್ದು ಅಮ್ಮನಿಂದ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಎರಡು ವರ್ಷದ ಹಿಂದೆ ತಂಗಿಯ ಬಾಣಂತನಕ್ಕೆ ಅಂತ ಅಮ್ಮ ಜರ್ಮನಿಗೆ ಹೊರಟಳು. ಆಗ ಅವಳಿಗೆ 67. ವಿಮಾನ ಹತ್ತಿದ್ದೇ ಅದು ಮೊದಲ ಸಲ, ಅದೂ ಒಬ್ಬಳೇ. ಭಾಷೆ ಬರುವುದಿಲ್ಲ, ದಾರಿ ತಪ್ಪಬಾರದು ಅಂತ ವೀಲ್‌ಚೇರ್ ಬರೆಸಿದ್ದೆವು. ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರು ಕಾಲು ಗಟ್ಟಿ ಇದ್ದರೂ ಹೀಗೇ ಹೋಗುತ್ತಾರೆ, ಅಲ್ವಾ? ಕೈಚೀಲದಲ್ಲಿ ಅವಳ ಸ್ಟೀಲ್ ಬಾಟಲಿ. ಪಾತ್ರೆ ಅಂಗಡಿಯಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ ಕೊರೆಸಿದ್ದು ಅದರ ಮೇಲೆ ಈಗಲೂ ಇದೆ. ಒಳಗೆ ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರು.

ಯಾವ ವಿಮಾನ ನಿಲ್ದಾಣ ಅಂತ ಹೆಸರು ಹೇಳುವುದಿಲ್ಲ. ಒಂದು ನಿಲ್ದಾಣದ ಮೇಲೆ ಹಗೆ ಸಾಧಿಸುವುದು ನನ್ನ ಉದ್ದೇಶ ಅಲ್ಲ. ಭದ್ರತಾ ತಪಾಸಣೆಯಲ್ಲಿ ಬಾಟಲಿ ಅಲ್ಲಾಡಿಸಿ ನೋಡಿದರು, ಹಿಂದಿಯಲ್ಲಿ ಏನೋ ಹೇಳಿದರು, ನೀರು ಚೆಲ್ಲಿಸಿ ಖಾಲಿ ಬಾಟಲಿ ವಾಪಸ್ ಕೊಟ್ಟರು. ಅವರು ಮಾಡಿದ್ದು ನಿಯಮದ ಪ್ರಕಾರವೇ, ಅದರಲ್ಲಿ ತಪ್ಪಿಲ್ಲ. ಆದರೆ ಖಾಲಿ ಬಾಟಲಿ ವಾಪಸ್ ಕೊಟ್ಟ ಮೇಲೆ, ಒಳಗೆ ಇಂಥ ಕಡೆ ತುಂಬಿಸಿಕೊಳ್ಳಿ ಅಂತ ಒಂದು ಮಾತು ಹೇಳಬೇಕಿತ್ತು. ಬಾಯಲ್ಲಿ ಯಾರೂ ಹೇಳಲಿಲ್ಲ, ಬೋರ್ಡೂ ಹೇಳಲಿಲ್ಲ. ವೀಲ್‌ಚೇರ್ ತಳ್ಳಿಕೊಂಡು ಬಂದ ಹುಡುಗ ಗೇಟಿನ ಹತ್ತಿರ ಅವಳನ್ನು ಕೂರಿಸಿ, ವಿಮಾನದ ಹೊತ್ತಿಗೆ ಬರುತ್ತೇನೆ ಅಂತ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆತರಲು ಓಡಿದ.

ಅಲ್ಲಿ ಅವಳು ಕೂತಿದ್ದು ಮೂರು ಗಂಟೆ. ಬಿಪಿ ಮಾತ್ರೆಯ ಹೊತ್ತಾಯಿತು. ಎದುರಿಗೇ ಒಂದು ಅಂಗಡಿ. ಎದ್ದು ಹೋಗಿ ಬಾಟಲಿ ಎತ್ತಿ ತೋರಿಸಿ "ಎಷ್ಟು ತಮ್ಮಾ?" ಅಂತ ಕೇಳಿದಳಂತೆ. ಆ ಹುಡುಗ ಕ್ಯಾಲ್ಕುಲೇಟರ್‌ನಲ್ಲಿ 90 ಅಂತ ಒತ್ತಿ ತೋರಿಸಿದ. ಅಮ್ಮ ಬಾಟಲಿಯನ್ನು ತೆಗೆದ ಜಾಗದಲ್ಲೇ ಇಟ್ಟು ಬಂದಳು. ಅವಳ ಹತ್ತಿರ ದುಡ್ಡಿತ್ತು. ಸೊಂಟದ ಚೀಲದಲ್ಲಿ ನಾನೇ ಎರಡು ಸಾವಿರ ಇಟ್ಟು ಕಳಿಸಿದ್ದೆ. ಫೋನಿನಲ್ಲಿ ಬೈದರೆ ಅವಳು ಹೇಳಿದ್ದು ಇಷ್ಟೇ: "ನಾಲ್ಕು ಪ್ಯಾಕೆಟ್ ಹಾಲಿನ ದುಡ್ಡು ಮಾರಾಯ, ನೀರಿಗೆ ಹ್ಯಾಂಗೆ ಕೊಡೂದು?" ಮಾತ್ರೆಯನ್ನು ಬಾಯಲ್ಲಿಟ್ಟು ಎಂಜಲಲ್ಲೇ ನುಂಗಿದ್ದಳು.

ಮುಂದೆ ಕೊಲ್ಲಿಯ ಒಂದು ಊರಿನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಅವಳು ನೀರು ಅಂತ ಕೇಳಿದಾಗ, ಸಹಾಯಕ್ಕಿದ್ದವರು ಶೌಚಾಲಯದ ಬಾಗಿಲ ಪಕ್ಕ ಗೋಡೆಗೆ ಹಾಕಿದ್ದ ಸ್ಟೀಲ್ ತೊಟ್ಟಿ ತೋರಿಸಿದರು. ಯಾರೋ ಒಬ್ಬರು ಬಗ್ಗಿ, ಅದರಿಂದ ಚಿಮ್ಮುವ ನೀರಿಗೆ ಬಾಯಿ ಕೊಟ್ಟು ಕುಡಿಯುತ್ತಿದ್ದರು. ಅಮ್ಮ ಬೇಡ ಅಂದಳು. ಕೈ ತೊಳೆಯುವ ನೀರು ಅಂದುಕೊಂಡಳು, ಜೊತೆಗೆ ಎಂಜಲು. ವಿಮಾನದಲ್ಲಿ ಕೊಟ್ಟ ಪುಟ್ಟ ಲೋಟದ ನೀರು ಎರಡು ಸಲ ಕುಡಿದಳು, ಮೂರನೇ ಸಲ ಬೇಡ ಅಂದಳು, ಯಾಕೆಂದರೆ ಜಾಸ್ತಿ ಕುಡಿದರೆ ವಿಮಾನದ ಬಾತ್‌ರೂಮಿಗೆ ಹೋಗಬೇಕು, ಅದರ ಬಾಗಿಲು ತೆಗೆಯುವುದು ಹೇಗೆ ಅಂತ ಅವಳಿಗೆ ಗೊತ್ತಿರಲಿಲ್ಲ. ಇಳಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತ್ತು. ಮೂರು ದಿನ ಉರಿಮೂತ್ರ. ಬಾಣಂತನಕ್ಕೆ ಹೋದವಳಿಗೆ ಮೊದಲ ವಾರ ಬಾಣಂತಿಯೇ ಉಪಚಾರ ಮಾಡಿದಳು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಕೆಲಸದ ಮೇಲೆ ಆ ಮೊದಲ ನಿಲ್ದಾಣಕ್ಕೇ ನಾನು ಹೋದೆ. ಅಮ್ಮ ಕೂತಿದ್ದ ಗೇಟಿನ ನಂಬರ್ ಬೋರ್ಡಿಂಗ್ ಪಾಸ್‌ನಲ್ಲಿತ್ತು. ಅಲ್ಲಿಂದ ಹುಡುಕಿದೆ. ಕುಡಿಯುವ ನೀರು ಇತ್ತು ಸ್ವಾಮಿ. ತಣ್ಣಗಿನ, ಒಳ್ಳೆಯ ಫಿಲ್ಟರ್ ನೀರು. ಹೆಜ್ಜೆ ಎಣಿಸಿದೆ, 64. ಒಂದು ದೊಡ್ಡ ಜಾಹೀರಾತಿನ ಪರದೆ, ಅದರ ಹಿಂದೆ ಕಂಬ, ಕಂಬದ ಹಿಂದೆ ಶೌಚಾಲಯಕ್ಕೆ ತಿರುಗುವ ಓಣಿ, ಆ ಓಣಿಯಲ್ಲಿ ನೀರು. ಅಂಗೈ ಅಗಲದ ಒಂದು ಚಿತ್ರ, ಅದೂ ಯಂತ್ರದ ಮೇಲೇ ಅಂಟಿಸಿದ್ದು. ಯಂತ್ರದ ಎದುರು ಹೋಗಿ ನಿಂತರೆ ಮಾತ್ರ ಅದು ಕಾಣುತ್ತದೆ. ಅಂಗಡಿಯ ಬಾಟಲಿಗಳು ಮಾತ್ರ ಕೂತಲ್ಲಿಂದಲೇ ಕಾಣುತ್ತಿದ್ದವು, ಲೈಟು ಹಾಕಿ ಸಾಲಾಗಿ ಜೋಡಿಸಿದ್ದರು.

ಅವತ್ತಿನಿಂದ ಎಲ್ಲಿ ಹೋದರೂ ಮೊದಲು ನೀರು ಎಲ್ಲಿದೆ ಅಂತ ನೋಡುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ಓಡಾಟ ಇರುವುದರಿಂದ ಒಂದಷ್ಟು ತಿಳಿದಿದೆ. ಹೊರಡುವವರಿಗೆ ಉಪಯೋಗ ಆಗಲಿ ಅಂತ ಇಲ್ಲೇ ಬರೆಯುತ್ತೇನೆ.

ಮೊದಲನೆಯದಾಗಿ, ಈ ನೀರು ಚೆಲ್ಲಿಸುವ ನಿಯಮ ಬಂದಿದ್ದು ಎಲ್ಲಿಂದ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 2006ರ ಆಗಸ್ಟ್ 10ರಂದು ಬ್ರಿಟನ್ನಿನಲ್ಲಿ ಒಂದು ಗುಂಪನ್ನು ಹಿಡಿದರು. ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿ, ಅಮೆರಿಕದ ಕಡೆ ಹೋಗುವ ವಿಮಾನಗಳನ್ನು ಉಡಾಯಿಸುವ ಸಂಚು ಅವರದ್ದು. ಅದಾದ ಮೇಲೆ ಬಂದಿದ್ದು 100 ಮಿಲಿಲೀಟರ್ ನಿಯಮ, ಅಂದರೆ ಅದಕ್ಕಿಂತ ದೊಡ್ಡ ಬಾಟಲಿಯಲ್ಲಿ ಯಾವ ದ್ರವವನ್ನೂ ಕೈಚೀಲದಲ್ಲಿ ಒಯ್ಯುವಂತಿಲ್ಲ. ಈಗ ಬಾಟಲಿಯೊಳಗೆ ಏನಿದೆ ಅಂತ ಪತ್ತೆ ಹಚ್ಚುವ ಹೊಸ ಸ್ಕ್ಯಾನರ್‌ಗಳು ಬಂದಿವೆ, ಯುರೋಪಿನ ಕೆಲವು ಕಡೆ ಅವನ್ನು ಹಾಕಿ ನಿಯಮ ಸಡಿಲ ಮಾಡಿದ್ದಾರೆ. ಆದರೆ ಹೆಚ್ಚಿನ ಕಡೆ ಹಳೇ ನಿಯಮವೇ ಇದೆ, ವಿದೇಶಕ್ಕೆ ಹೋಗುವಾಗಂತೂ ತುಂಬಿದ ಬಾಟಲಿ ದಾಟುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ದೇಶದೊಳಗಿನ ಪ್ರಯಾಣದಲ್ಲಿ ನನ್ನ ನೀರನ್ನು ಎಷ್ಟೋ ಸಲ ಬಿಟ್ಟಿದ್ದಾರೆ, ಒಂದೆರಡು ಸಲ ಒಂದು ಗುಟುಕು ಕುಡಿದು ತೋರಿಸಲು ಹೇಳಿದ್ದಾರೆ, ಕೆಲವು ಸಲ ಚೆಲ್ಲಿಸಿಯೂ ಇದ್ದಾರೆ. ಖಾಲಿ ಬಾಟಲಿಗೆ ಮಾತ್ರ ಸಾಮಾನ್ಯವಾಗಿ ಎಲ್ಲೂ ಅಡ್ಡಿ ಇಲ್ಲ. ಚಿಕ್ಕ ಮಗು ಜೊತೆಗಿದ್ದರೆ ಅದಕ್ಕೆ ಬೇಕಾದಷ್ಟು ಹಾಲು, ನೀರಿಗೆ ವಿನಾಯಿತಿ ಇದೆ. ಅದನ್ನು ಚೀಲದಲ್ಲಿ ಮುಚ್ಚಿಡದೆ ಮೊದಲೇ ತೆಗೆದು ತೋರಿಸಿ, ಹೇಳಿ.

ಎರಡನೆಯದು, ನೀರು ಬೇಕಾದರೆ ಶೌಚಾಲಯದ ಬೋರ್ಡ್ ಹುಡುಕಿ. ಕೇಳಲು ಒಂಥರಾ ಅನ್ನಿಸುತ್ತದೆ, ಆದರೆ ಅದೇ ನಿಜ. ನೀರು ಬರುವ ಪೈಪೂ ಹೋಗುವ ಪೈಪೂ ಅಷ್ಟು ದೊಡ್ಡ ಕಟ್ಟಡದಲ್ಲಿ ಸಾಮಾನ್ಯವಾಗಿ ಶೌಚಾಲಯಗಳ ಗೋಡೆಯಲ್ಲೇ ಇರುತ್ತವೆ. ಕುಡಿಯುವ ನೀರಿನ ಯಂತ್ರವನ್ನೂ ಅದೇ ಗೋಡೆಯ ಹೊರಗೆ ಕೂರಿಸಿದರೆ ಖರ್ಚು ಕಡಿಮೆ. ಹಾಗಾಗಿ ಪಕ್ಕದಲ್ಲಿದೆ ಅಂದ ಮಾತ್ರಕ್ಕೆ ನೀರು ಕೆಟ್ಟದ್ದಲ್ಲ. ಇದನ್ನು ಮನೆಯ ಹಿರಿಯರಿಗೆ ಹೊರಡುವ ಮೊದಲೇ ಕೂರಿಸಿಕೊಂಡು ಹೇಳಿ. ನಾನು ಹೇಳಿರಲಿಲ್ಲ.

ಜರ್ಮನಿಯಲ್ಲಿ ನಲ್ಲಿ ನೀರನ್ನೇ ಧೈರ್ಯವಾಗಿ ಕುಡಿಯಬಹುದು. ಕುಡಿಯಬಾರದ ನಲ್ಲಿ ಇದ್ದರೆ "ಕೈನ್ ಟ್ರಿಂಕ್‌ವಾಸರ್" ಅಂತ ಬರೆದಿರುತ್ತಾರೆ, ಕುಡಿಯುವ ನೀರಲ್ಲ ಅಂತ ಅರ್ಥ. ತಂಗಿ ಈಗ ಅದನ್ನು ಅಮ್ಮನಿಗೆ ಚೀಟಿಯಲ್ಲಿ ಆ ಅಕ್ಷರದಲ್ಲೂ ಕನ್ನಡದಲ್ಲೂ ಬರೆದುಕೊಟ್ಟಿದ್ದಾಳೆ. ಸಿಂಗಪುರದಲ್ಲೂ ನಲ್ಲಿ ನೀರು ಚೆನ್ನಾಗಿದೆ, ಚಾಂಗಿ ನಿಲ್ದಾಣದ ತುಂಬ ನೀರಿನ ಯಂತ್ರಗಳಿವೆ. ಆದರೆ ಅಲ್ಲಿ 1, 2, 3ನೇ ಟರ್ಮಿನಲ್‌ಗಳಲ್ಲಿ ಬ್ಯಾಗ್ ತಪಾಸಣೆ ನಡೆಯುವುದು ವಿಮಾನದ ಗೇಟಿನ ಬಾಗಿಲಲ್ಲಿ. ಗೊತ್ತಿಲ್ಲದವರು ಬಾಟಲಿ ತುಂಬಿಸಿಕೊಂಡು ಗೇಟಿಗೆ ಹೋಗಿ ಅಲ್ಲಿ ಪೂರ್ತಿ ಚೆಲ್ಲಬೇಕಾಗುತ್ತದೆ. ಹೊಟ್ಟೆ ತುಂಬ ಕುಡಿದು, ಬಾಟಲಿ ಖಾಲಿ ಮಾಡಿಕೊಂಡು ಒಳಗೆ ಹೋಗಿ.

ಅಮೆರಿಕದಲ್ಲಿ ಇದು ತುಂಬಾ ಸುಲಭ. ಅಲ್ಲಿ ಕೆಲವೇ ಗೇಟಿಗೊಂದು ನೀರಿನ ಜಾಗ, ಅದರ ಮೇಲೆಯೇ ಬಾಟಲಿ ಇಟ್ಟರೆ ತಾನೇ ತುಂಬುವ ಯಂತ್ರ, ಇಲ್ಲಿಯವರೆಗೆ ಎಷ್ಟು ಪ್ಲಾಸ್ಟಿಕ್ ಬಾಟಲಿ ಉಳಿಯಿತು ಅಂತ ಓಡುವ ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದವರು 2019ರ ಆಗಸ್ಟ್ 20ರಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಮಾರುವುದನ್ನೇ ನಿಲ್ಲಿಸಿದರು. ಪುಕ್ಕಟೆ ನೀರಿನ ಜಾಗಗಳನ್ನು ಮೊದಲು ಮಾಡಿಟ್ಟಿದ್ದರಿಂದ ಅವರಿಗೆ ಆ ಧೈರ್ಯ ಬಂತು. ನಮ್ಮಲ್ಲಿ ಪ್ಲಾಸ್ಟಿಕ್ ಬೇಡ ಅಂತ ಭಾಷಣ ಮೊದಲು ಬರುತ್ತದೆ.

ಇನ್ನು ರೇಟಿನ ವಿಷಯ. ಒಂದೇ ವಸ್ತುವಿನ ಮೇಲೆ ಎರಡು ಬೇರೆ ಬೇರೆ ಎಂಆರ್‌ಪಿ ಹಾಕಬಾರದು ಅಂತ ನಿಯಮ 2018ರ ಜನವರಿ 1ರಿಂದ ಇದೆ. ಹಾಗಾದರೆ ಹೊರಗೆ 20 ರೂಪಾಯಿ ಆಸುಪಾಸಿನ ನೀರು ಒಳಗೆ ಇಷ್ಟೊಂದು ಹೇಗೆ ಅಂತ ಕೇಳಿದರೆ, ಒಳಗೆ ಸಿಗುವುದು ಬೇರೆ ಹೆಸರಿನ, ಬೇರೆ ಆಕಾರದ ಬಾಟಲಿ. ಹೊರಗಿನ ಸಾದಾ ಬಾಟಲಿಯನ್ನು ಎಷ್ಟೋ ಅಂಗಡಿಗಳಲ್ಲಿ ಇಡುವುದೇ ಇಲ್ಲ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೋಟೆಲ್, ರೆಸ್ಟೊರೆಂಟ್‌ಗಳು ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ ಹೇಳಿದೆ, ಅಲ್ಲಿ ಕೂರುವ ಜಾಗ, ಸೇವೆ ಎಲ್ಲ ಸೇರಿರುತ್ತದೆ ಅನ್ನುವುದು ಅದರ ಕಾರಣ. ಸಂಸತ್ತಿನಲ್ಲೂ ಈ ಮಾತು ಬಂತು. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಶುರುವಾಯಿತು, ಅಲ್ಲಿ ನೀರು 10 ರೂಪಾಯಿ, ಟೀ 10 ರೂಪಾಯಿ. ಆಮೇಲೆ ಚೆನ್ನೈಗೂ ಬಂತು. ತುಂಬಾ ಒಳ್ಳೆಯ ಕೆಲಸ, ನಮ್ಮ ಕಡೆಯ ಎಲ್ಲ ನಿಲ್ದಾಣಗಳಲ್ಲೂ ಆಗಬೇಕು. ರೈಲಿನಲ್ಲಿ ರೈಲ್ ನೀರ್ ಲೀಟರಿಗೆ 14 ರೂಪಾಯಿಗೆ ಕೊಡಲು ಆಗುತ್ತದೆ ಅಂದಮೇಲೆ ವಿಮಾನ ನಿಲ್ದಾಣದಲ್ಲಿ ಯಾಕಾಗದು?

ಆದರೆ ಅಗ್ಗದ ನೀರು ಬೇರೆ, ದುಡ್ಡಿಲ್ಲದ ನೀರು ಬೇರೆ. ಬೆಂಗಳೂರಿನ ಯಾವುದಾದರೂ ದರ್ಶಿನಿಗೆ ಹೋಗಿ. ಕಾಫಿ ತಗೊಳ್ಳದಿದ್ದರೂ ಮೂಲೆಯಲ್ಲಿ ಫಿಲ್ಟರ್ ಇರುತ್ತದೆ, ಪಕ್ಕದಲ್ಲಿ ಸ್ಟೀಲ್ ಲೋಟ ಕವುಚಿಟ್ಟಿರುತ್ತಾರೆ, ದಾರಿಯಲ್ಲಿ ಹೋಗುವವರು ಬಂದು ಕುಡಿದು ಹೋಗುತ್ತಾರೆ. ರಾಮನವಮಿಗೆ ಬೀದಿ ಬೀದಿಯಲ್ಲಿ ಪಾನಕ, ಮಜ್ಜಿಗೆ. ಬೇಸಿಗೆ ಬಂದರೆ ಅರವಟಿಗೆ ಇಡುವ ಊರುಗಳು ಈಗಲೂ ಇವೆ, ಬಸ್ ಸ್ಟ್ಯಾಂಡ್ ಎದುರು ಕೆಂಪು ಬಟ್ಟೆ ಸುತ್ತಿದ ಮಡಕೆ ಇಟ್ಟು ಯಾರೋ ಒಬ್ಬರು ದಿನಾ ಬೆಳಗ್ಗೆ ತುಂಬಿಸುತ್ತಾರೆ. ನಮ್ಮ ಮನೆಗೆ ಯಾರೇ ಬಂದರೂ, ಅಂಚೆಯವರೇ ಆಗಲಿ, ಕರೆಂಟ್ ಬಿಲ್ಲಿನವರೇ ಆಗಲಿ, ಅಮ್ಮನ ಮೊದಲ ಮಾತು "ಆಸರಿಗೆ ಏನು ಬೇಕು?" ಅಂತ. ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಮುಂದಿಟ್ಟೇ ಬೇರೆ ಮಾತು. ಇಡೀ ಜೀವನ ಹೀಗೆ ನೀರು ಕೊಟ್ಟವಳು 64 ಹೆಜ್ಜೆ ದೂರದಲ್ಲಿ ನೀರಿಟ್ಟುಕೊಂಡು ಬಾಯಾರಿ ಕೂತಿದ್ದಳು.

ಈಗ ಕೇಳಬೇಕಾದ್ದನ್ನು ನೇರವಾಗಿ ಕೇಳುತ್ತೇನೆ.

ನೀರನ್ನು ಎಲ್ಲಿ ಚೆಲ್ಲಿಸುತ್ತಾರೋ ಅಲ್ಲೇ, ಆ ಟ್ರೇಗಳ ಮೇಲೆಯೇ ದೊಡ್ಡದಾಗಿ ಬರೆಯಿರಿ: ಖಾಲಿ ಬಾಟಲಿ ಒಯ್ಯಬಹುದು, ಕುಡಿಯುವ ನೀರು ಒಳಗೆ ಇಂಥ ಗೇಟಿನ ಹತ್ತಿರ ಪುಕ್ಕಟೆ ಇದೆ. ಕರ್ನಾಟಕದ ನಿಲ್ದಾಣಗಳಲ್ಲಿ ಕನ್ನಡದಲ್ಲಿ ಮೊದಲು. ಬೆಂಗಳೂರಿಗೆ, ಮಂಗಳೂರಿಗೆ, ಹುಬ್ಬಳ್ಳಿಗೆ ಬರುವ ಪ್ರಯಾಣಿಕರೆಲ್ಲ ಆಫೀಸಿನ ಬ್ಯಾಗ್ ಹಿಡಿದವರಲ್ಲ. ಮಂಗಳೂರಿನಿಂದ ದುಬೈಗೆ ಹೋಗುವ ಗಂಡಾಳುಗಳು, ಮಗಳ ಮನೆಗೆ, ಮಗನ ಮನೆಗೆ ಹೋಗುವ ಅಜ್ಜಿ ತಾತಂದಿರು, ಅವರಿಗೂ ಓದಲು ಬರಬೇಕು. ಗೇಟಿನ ನಂಬರ್ ಬರೆದಿರುವ, ಮೇಲಿಂದ ತೂಗುಬಿಟ್ಟ ಬೋರ್ಡ್‌ಗಳಲ್ಲೇ ನಲ್ಲಿ ಲೋಟದ ಚಿತ್ರ ಹಾಕಿದರೆ ಕೂತಲ್ಲಿಂದಲೇ ಕಾಣುತ್ತದೆ. ಇದಕ್ಕೆ ಕೋಟಿ ಬೇಕಾಗಿಲ್ಲ.

ಲೋಟ ಇಡಿ. ಇದು ಚಿಕ್ಕ ಮಾತು ಅಂತ ತಳ್ಳಬೇಡಿ. ನಮ್ಮ ಹಿರಿಯರಲ್ಲಿ ಬಹಳ ಜನ ನೀರು ಎತ್ತಿ ಕುಡಿಯುವವರು, ತುಟಿಗೆ ತಾಗಿಸುವುದಿಲ್ಲ. ಅವರು ಬಗ್ಗಿ, ಕೆಳಗಿಂದ ಚಿಮ್ಮುವ ನೀರಿಗೆ ಬಾಯಿ ಕೊಟ್ಟು ಕುಡಿಯುವುದು ಆಗದ ಮಾತು. ಸೊಂಟ ನೋವಿನವರಿಗೂ ಆಗುವುದಿಲ್ಲ. ಅಮ್ಮ ಮರಳಿ ಬಂದ ಮೇಲೆ ಒಂದು ಸಲ ಆ ಯಂತ್ರದ ಚಿತ್ರ ತೋರಿಸಿದಾಗ, "ಇದು ಎಮ್ಮೆ ಕಲಗಚ್ಚಿನ ಬಾನಿಗೆ ಬಾಯಿ ಹಾಕಿದ ಹಾಗೆ, ನಂಗೆ ಬಪ್ಪೂದಿಲ್ಲೆ" ಅಂದಳು. ಕಾಗದದ ಲೋಟಗಳ ಒಂದು ಸ್ಟ್ಯಾಂಡ್, ಅಥವಾ ಬಾಟಲಿ ಹಿಡಿಯುವಷ್ಟು ಎತ್ತರದಲ್ಲಿ ತಿರುಗಿಸುವ ಒಂದು ಸಾದಾ ನಲ್ಲಿ ಸಾಕು. ಸೆನ್ಸರ್ ಎಲ್ಲಿದೆ ಅಂತ ಹುಡುಕುತ್ತಾ, ಕೈ ಆಡಿಸಿ ಆಡಿಸಿ, ನೀರು ಬರದೆ ಹೊರಟುಹೋದವರನ್ನು ನಾನು ನೋಡಿದ್ದೇನೆ.

ವೀಲ್‌ಚೇರ್‌ನಲ್ಲಿ ಕರೆದುಕೊಂಡು ಹೋಗುವ ಹುಡುಗರ ಬಗ್ಗೆ ನನಗೆ ಗೌರವವಿದೆ, ಒಬ್ಬೊಬ್ಬರು ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ ಅಂತ ಕಂಡಿದ್ದೇನೆ. ಆದರೆ ಕೂರಿಸಿ ಹೋಗುವ ಮೊದಲು ಎರಡು ಪ್ರಶ್ನೆ ಕೇಳುವುದು ಅವರ ಕೆಲಸದ ಪಟ್ಟಿಯಲ್ಲೇ ಸೇರಬೇಕು: ನೀರು ಬೇಕಾ, ಬಾತ್‌ರೂಮಿಗೆ ಹೋಗಬೇಕಾ. ಈ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಬಾತ್‌ರೂಮಿನ ದಾರಿ ಗೊತ್ತಿಲ್ಲದವರು ನೀರನ್ನೇ ಕುಡಿಯುವುದಿಲ್ಲ. ಆಮೇಲೆ ವಿಮಾನ ಹತ್ತುತ್ತಾರೆ, ಒಳಗಿನ ಗಾಳಿಯಲ್ಲಿ ತೇವ ಶೇ 20ಕ್ಕಿಂತಲೂ ಕಡಿಮೆ, ಎಂಟು ಹತ್ತು ಗಂಟೆ ಅದೇ ಒಣ ಗಾಳಿ. ಬಿಪಿ, ಶುಗರ್ ಮಾತ್ರೆ ನುಂಗುವ ದೇಹಕ್ಕೆ ಇದು ಸಣ್ಣ ವಿಷಯ ಅಲ್ಲ.

ಬೆಂಗಳೂರಿನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಅಲ್ಲಿ ಅವರ 108 ಅಡಿ ಎತ್ತರದ ಪ್ರತಿಮೆ ನಿಂತಿದೆ. ಊರು ಕಟ್ಟುವಾಗ ಜೊತೆಗೇ ಕೆರೆ ಕಟ್ಟಿಸಿದವರು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ಕೆಂಪಾಂಬುಧಿ ಕೆರೆ ಇವತ್ತಿಗೂ ಇದೆ. ಅವರ ಹೆಸರಿನ ಜಾಗದಿಂದಲೇ ಈ ಕೆಲಸ ಶುರುವಾಗಲಿ, ಅಲ್ಲಿ ನೀರಿನ ಬೋರ್ಡ್ ಉಳಿದೆಲ್ಲ ಬೋರ್ಡ್‌ಗಿಂತ ದೊಡ್ಡದಾಗಿರಲಿ ಅಂತ ನನ್ನ ಆಸೆ.

ಓದುಗರಿಗೂ ಒಂದು ಮಾತು. ಕೇಳಲು ನಾಚಿಕೆ ಪಡಬೇಡಿ. ಬಿಟ್ಟಿ ನೀರು ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಎಷ್ಟೋ ಜನ ಸುಮ್ನೆ ಕೂತುಬಿಡುತ್ತಾರೆ. ವಿಮಾನದಲ್ಲಿ ಗಗನಸಖಿಯರಿಗೆ ಬಾಟಲಿ ಕೊಟ್ಟು ತುಂಬಿಸಿಕೊಡಿ ಅಂತ ಕೇಳಿದರೆ ಆದಾಗಲೆಲ್ಲ ತುಂಬಿಸಿಕೊಡುತ್ತಾರೆ. ನನಗೆ ಯಾರೂ ಇಲ್ಲ ಅಂದಿಲ್ಲ. ಪಕ್ಕದ ಸೀಟಿನಲ್ಲಿ ಒಬ್ಬರೇ ಕೂತ ಅಜ್ಜಿ ಕಂಡರೆ, ನೀವು ನೀರು ತರಲು ಏಳುವಾಗ ಅವರ ಬಾಟಲಿಯನ್ನೂ ಕೇಳಿ ತಗೊಂಡು ಹೋಗಿ.

ಅಮ್ಮ ಮುಂದಿನ ತಿಂಗಳು ಮತ್ತೆ ಹೊರಡುತ್ತಾಳೆ. ಮೊಮ್ಮಗನಿಗೆ ಎರಡು ವರ್ಷ ತುಂಬುತ್ತದೆ. ಅದೇ ಸ್ಟೀಲ್ ಬಾಟಲಿ, ಈ ಸಲ ಖಾಲಿ. ಜೊತೆಗೆ ಎತ್ತಿ ಕುಡಿಯಲು ಒಂದು ಪುಟ್ಟ ಸ್ಟೀಲ್ ಲೋಟ, ವಿಮಾನದ ಬಾತ್‌ರೂಮಿನ ಬಾಗಿಲನ್ನು ಅದರ ಮಧ್ಯದಲ್ಲಿ ತಳ್ಳಬೇಕು ಅಂತ ನಾನು ಬಿಡಿಸಿಕೊಟ್ಟ ಚಿತ್ರ, ಮತ್ತು ನೀರಿನ ಯಂತ್ರ ಯಾವ ಕಂಬದ ಹಿಂದೆ ಇದೆ ಅಂತ ಬರೆದ ಚೀಟಿ. ಇಷ್ಟೆಲ್ಲ ಮಾಡಿಕೊಡುವ ಮಗ ಇಲ್ಲದ ಅಮ್ಮಂದಿರೂ ಅದೇ ಗೇಟಿನಲ್ಲಿ ಕೂತಿರುತ್ತಾರೆ. ಅವರಿಗೆ ಆ ಬೋರ್ಡ್ ಬೇಕು.

ಇಂತಿ,
ನಿಮ್ಮ ಹಳೆಯ ಓದುಗ
ಸಾಗರ, ಶಿವಮೊಗ್ಗ ಜಿಲ್ಲೆ